ಕೊಬ್ಬರಿ ದುಡ್ಡಿಗೆ ಯಾವ ವಾದ್ಯ?

ನಮ್ಮ ಕಡೆ ಆರ್ಕೆಸ್ಟ್ರಾ ಅಂದರೆ ಗಣಪತಿ ಪೆಂಡಾಲಿನ ರಸಮಂಜರಿ. ಒಂದು ಕೀಬೋರ್ಡು, ಒಂದು ರಿದಮ್ ಪ್ಯಾಡು, ಇಬ್ಬರು ಗಾಯಕರು, ಎದೆ ನಡುಗಿಸುವ ಸೌಂಡ್ ಬಾಕ್ಸು. ಇಂದು ಹೇಳಹೊರಟಿರುವುದು ಆ ಆರ್ಕೆಸ್ಟ್ರಾ ಬಗ್ಗೆ ಅಲ್ಲ. ಅರವತ್ತು ಜನ ಸಾಲಾಗಿ ಕೂತು, ಒಂದೇ ಸಲ ಕಮಾನು ಎಳೆಯುವ ಇನ್ನೊಂದು ಆರ್ಕೆಸ್ಟ್ರಾ ಇದೆಯಲ್ಲ, ಅದರಲ್ಲಿರುವ ತಂತಿವಾದ್ಯಗಳ ಬಗ್ಗೆ.

ನಮಗೂ ಅದಕ್ಕೂ ಏನು ಸಂಬಂಧ ಅಂತ ಕೇಳಬಹುದು. ಸಂಬಂಧ ಇದೆ. ರಾಜನ್-ನಾಗೇಂದ್ರ ಕಾಲದ ಯಾವುದಾದರೂ ಹಾಡು ಹಾಕಿ, ಪಲ್ಲವಿ ಮುಗಿದು ಚರಣ ಶುರುವಾಗುವ ಮುಂಚೆ ಕಿವಿಗೊಟ್ಟು ಕೇಳಿ. ಹತ್ತಾರು ಪಿಟೀಲು ಒಟ್ಟಿಗೆ ಹರಿದು ಬರುತ್ತವೆ. ಆ ಹಾಡುಗಳು ಮದ್ರಾಸಿನ ಸ್ಟುಡಿಯೋಗಳಲ್ಲಿ ಧ್ವನಿಮುದ್ರಣ ಆಗುತ್ತಿದ್ದ ಕಾಲದಲ್ಲಿ ಇವೇ ವಾದ್ಯದವರು ಸಾಲಾಗಿ ಕೂತು ನುಡಿಸುತ್ತಿದ್ದರು. ಹೆಸರು ಗೊತ್ತಿಲ್ಲದೆಯೇ ನಾವೆಲ್ಲ ಆ ದನಿ ಕೇಳಿ ಬೆಳೆದಿದ್ದೇವೆ.

ನಾವು ಅಂದರೆ ಅರಸೀಕೆರೆ ಕಡೆಯ ಗಂಡ ಹೆಂಡತಿ. ಒಬ್ಬರು ಪತ್ರಿಕೆಗೆ ಸುದ್ದಿ ಕಳಿಸುವವರು, ಅಚ್ಚಾದ ಸುದ್ದಿಗೆ ಮಾತ್ರ ಕಾಸು. ಇನ್ನೊಬ್ಬರು ಮನೆಯಲ್ಲೇ ಬಟ್ಟೆ ಹೊಲಿಯುವವರು. ಮಗಳಿಗೆ ಒಂಬತ್ತು ವರ್ಷ. ಭಜನೆ ಮನೆಯಲ್ಲಿ ಹಾಡುತ್ತಾಳೆ, ಶ್ರುತಿ ತಪ್ಪಿದರೆ ದೊಡ್ಡವರ ಮುಖ ನೋಡುತ್ತಾಳೆ. ಅವಳಿಗೆ ಒಂದು ವಾದ್ಯ ಕಲಿಸಬೇಕು ಅಂತ ಮನೆಯಲ್ಲಿ ಮೊದಲು ಬಾಯಿಬಿಟ್ಟವರು ಅವಳ ಅಜ್ಜಿ. ಬರೀ ಮಾತಲ್ಲ, ದುಡ್ಡನ್ನೂ ಇಟ್ಟರು. ಧಾರಣೆ ಚೆನ್ನಾಗಿದ್ದಾಗ ಕೊಬ್ಬರಿ ಮಾರಿ, ಮೊಮ್ಮಗಳ ಓಲೆಗೆ ಅಂತ ಎತ್ತಿಟ್ಟಿದ್ದ ಹದಿನೈದು ಸಾವಿರ. "ಓಲೆ ಕಿವಿಗೆ ಬಿದ್ದರೆ ಅಲ್ಲೇ ಇರುತ್ತೆ. ಇದು ಕಿವಿಯೊಳಗೆ ಹೋಗಲಿ" ಅಂದರು.

ಇಂಥ ದುಡ್ಡು ನಮ್ಮಂಥ ಮನೆಗೆ ಮತ್ತೆ ಮತ್ತೆ ಬರುವುದಿಲ್ಲ. ತಗೊಂಡು ಅಟ್ಟಕ್ಕೆ ಹಾಕುವ ಹಾಗಿಲ್ಲ. ಆದ್ದರಿಂದ ಸುದ್ದಿಗೆ ವಿಚಾರಿಸುವ ಹಾಗೆಯೇ ಇದನ್ನೂ ವಿಚಾರಿಸಿದೆವು. ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ಮನೆಯಲ್ಲಿ ಇಂಥ ಮಗು ಇದ್ದವರಿಗೆ ಉಪಯೋಗಕ್ಕೆ ಬರಲಿ.

ನಾಲ್ಕು ಅಣ್ಣತಮ್ಮಂದಿರು

ಕಮಾನಿನಿಂದ ನುಡಿಸುವ ಆರ್ಕೆಸ್ಟ್ರಾ ವಾದ್ಯ ನಾಲ್ಕು: ವಯಲಿನ್, ವಯೋಲಾ, ಚೆಲ್ಲೋ, ಡಬಲ್ ಬೇಸ್. ನಾಲ್ಕೂ ನೋಡಲು ಒಂದೇ ಮುಖ. ಮೇಲಿನ ಹಲಗೆ ಸಾಮಾನ್ಯವಾಗಿ ಸ್ಪ್ರೂಸ್ ಮರ, ಹಿಂದು ಮತ್ತು ಪಕ್ಕ ಮೇಪಲ್ ಮರ. ನಾಲ್ಕು ತಂತಿ, ತಂತಿ ಹೊರುವ ಕುದುರೆ, ತಿರುಗಿಸುವ ಬಿರಡೆ. ಕಮಾನಿಗೆ ಕುದುರೆಯ ಬಾಲದ ಕೂದಲು. ಆ ಕೂದಲಿಗೆ ರಾಳ ತಿಕ್ಕಬೇಕು. ರಾಳ ಇಲ್ಲದ ಕಮಾನು ತಂತಿಯ ಮೇಲೆ ಸುಮ್ಮನೆ ಜಾರುತ್ತದೆ, ದನಿಯೇ ಹುಟ್ಟುವುದಿಲ್ಲ.

ವಯಲಿನ್ ಎಲ್ಲರಿಗೂ ಗೊತ್ತು. ನಮ್ಮ ಬಾಯಲ್ಲಿ ಪಿಟೀಲು. ಮಾತು ಉದ್ದ ಮಾಡಿದರೆ "ಪಿಟೀಲು ಕುಯ್ಯಬೇಡ" ಅಂತ ಬೈಸಿಕೊಳ್ಳುವಷ್ಟು ನಮ್ಮದಾಗಿದೆ. ನಾಲ್ಕರಲ್ಲಿ ಚಿಕ್ಕದು, ದನಿ ಎತ್ತರ. ದೊಡ್ಡ ಆರ್ಕೆಸ್ಟ್ರಾದಲ್ಲಿ ಮೊದಲ ಸಾಲಿಗೆ 16, ಎರಡನೇ ಸಾಲಿಗೆ 14 ವಯಲಿನ್ ಇರುವುದು ರೂಢಿ. ವಯೋಲಾ 12, ಚೆಲ್ಲೋ 10, ಡಬಲ್ ಬೇಸ್ 8. ಅರವತ್ತರಲ್ಲಿ ಅರ್ಧ ಜನ ಪಿಟೀಲಿನವರೇ.

ವಯೋಲಾ ನೋಡಿದವರು ದೊಡ್ಡ ಪಿಟೀಲು ಅನ್ನುತ್ತಾರೆ. ಅದರ ದನಿ ಪಿಟೀಲಿಗಿಂತ ಐದು ಸ್ವರ ಕೆಳಗೆ, ಅಂದರೆ ಪ-ದಿಂದ ಸ-ಗೆ ಇಳಿದಷ್ಟು. ಲೆಕ್ಕದ ಪ್ರಕಾರ ಅದರ ಒಡಲು ಪಿಟೀಲಿನ ಒಂದೂವರೆ ಪಟ್ಟು, ಸುಮಾರು 21 ಅಂಗುಲ ಇರಬೇಕಿತ್ತು. ಅಷ್ಟು ದೊಡ್ಡದನ್ನು ಗಲ್ಲದ ಕೆಳಗೆ ಹಿಡಿಯಲು ಮನುಷ್ಯರ ಕೈ ಸಾಲದು. ಅದಕ್ಕೇ 16 ಅಂಗುಲದ ಆಸುಪಾಸಿನಲ್ಲಿ ನಿಲ್ಲಿಸಿದ್ದಾರೆ. ಆ ಕೊರತೆಯಿಂದಲೇ ಅದಕ್ಕೆ ಸ್ವಲ್ಪ ಗೊಗ್ಗರು, ಬೆಚ್ಚಗಿನ ದನಿ ಬಂದಿದೆ. ಎಂ. ಬಾಲಮುರಳಿಕೃಷ್ಣ ಅವರು ಕರ್ನಾಟಕ ಸಂಗೀತವನ್ನು ವಯೋಲಾದಲ್ಲಿ ನುಡಿಸುತ್ತಿದ್ದರು.

ಚೆಲ್ಲೋವನ್ನು ಕುರ್ಚಿಯಲ್ಲಿ ಕೂತು, ಮೊಣಕಾಲುಗಳ ನಡುವೆ ಇಟ್ಟು, ಕೆಳಗಿನ ಮೊಳೆಯನ್ನು ನೆಲಕ್ಕೆ ಊರಿ ನುಡಿಸಬೇಕು. ವಯೋಲಾದ ತಂತಿಗಳೇ, ಒಂದು ಸ್ಥಾಯಿ ಕೆಳಗೆ. ಗಂಡಸರ ದನಿಗೂ ಹೊಂದುತ್ತದೆ, ಮೇಲೆ ಹೋದರೆ ಹೆಂಗಸರ ದನಿಗೂ ಹೊಂದುತ್ತದೆ. ಇಂಗ್ಲೆಂಡಿನ ಜಾಕ್ವೆಲಿನ್ ದು ಪ್ರೆ ನಾಲ್ಕು ವರ್ಷದ ಹುಡುಗಿಯಾಗಿದ್ದಾಗ ರೇಡಿಯೋದಲ್ಲಿ ಇದರ ದನಿ ಕೇಳಿ ಅದೇ ಬೇಕು ಅಂತ ಹಟ ಹಿಡಿದರಂತೆ. ಮುಂದೆ ಜಗತ್ತೇ ಅವರ ಚೆಲ್ಲೋ ಕೇಳಿತು.

ಡಬಲ್ ಬೇಸ್ ಆಳೆತ್ತರದ್ದು, ಸುಮಾರು ಆರು ಅಡಿ. ನಿಂತೋ ಎತ್ತರದ ಸ್ಟೂಲಿನ ಮೇಲೆ ಕೂತೋ ನುಡಿಸಬೇಕು. ಉಳಿದ ಮೂರರಲ್ಲಿ ಪಕ್ಕಪಕ್ಕದ ತಂತಿಗಳ ನಡುವೆ ಸ-ಪ ಅಂತರ ಇದ್ದರೆ, ಇದರಲ್ಲಿ ಸ-ಮ ಅಂತರ. ಸ್ವರಸ್ಥಾನಗಳು ದೂರ ದೂರ ಇರುವುದರಿಂದ ಕೈ ಎಟುಕಲಿ ಅಂತ ಈ ಏರ್ಪಾಡು. ಮುಂಬೈಯಲ್ಲಿ 1936ರಲ್ಲಿ ಹುಟ್ಟಿದ ಜುಬಿನ್ ಮೆಹ್ತಾ ವಿಯೆನ್ನಾದಲ್ಲಿ ಓದುವಾಗ ಕಲಿತ ವಾದ್ಯ ಇದೇ. ಆಮೇಲೆ ಅವರು ಆರ್ಕೆಸ್ಟ್ರಾ ನಡೆಸುವವರಾಗಿ ಹೆಸರಾದರು.

ಹೆಸರು ಹೇಳದೆ ಕೇಳಿಸಿದೆವು

ಯಾವುದು ಬೇಕು ಅಂತ ಮಗುವನ್ನು ಹಾಗೇ ಕೇಳಿದರೆ ಕಣ್ಣಿಗೆ ಚಂದ ಕಂಡದ್ದನ್ನು ತೋರಿಸುತ್ತದೆ. ಅದಕ್ಕೆ ಚಿತ್ರ ತೋರಿಸದೆ, ಹೆಸರು ಹೇಳದೆ, ನಾಲ್ಕರ ದನಿಯನ್ನೂ ಫೋನಿನಲ್ಲಿ ಒಂದಾದ ಮೇಲೊಂದು ಕೇಳಿಸಿದೆವು. ಇಲ್ಲಿ ಒಂದು ಮಾತು: ಫೋನಿನ ಸ್ಪೀಕರಿನಲ್ಲಿ ಡಬಲ್ ಬೇಸ್ ಕೇಳಿ ತೀರ್ಮಾನ ಮಾಡಬೇಡಿ. ಅದರ ಕೆಳಗಿನ ತಂತಿ ಸೆಕೆಂಡಿಗೆ ಸುಮಾರು 41 ಸಲ ಮಾತ್ರ ಕಂಪಿಸುತ್ತದೆ. ಅಷ್ಟು ತಗ್ಗಿನ ದನಿಯನ್ನು ಫೋನಿನ ಪುಟ್ಟ ಸ್ಪೀಕರು ಹೊರಡಿಸಲಾರದು. ಇಯರ್‌ಫೋನ್ ಹಾಕಿ ಕೇಳಿಸಿ.

ಮೂರು ದಿನ, ದಿನಕ್ಕೊಂದು ಸಲ, ಸಾಲು ಬದಲಾಯಿಸಿ ಕೇಳಿಸಿದೆವು. ಮೂರು ದಿನವೂ ಅವಳು ಒಂದನ್ನೇ ಆರಿಸಿದಳು. ಚೆಲ್ಲೋ.

"ಯಾಕೆ ಅದು?" ಅಂದೆವು.

"ತಾತ ಹೂಂಗುಟ್ಟಿದಂಗಿದೆ" ಅಂದಳು.

ಅವಳ ತಾತ ತೀರಿಕೊಂಡು ಒಂದೂವರೆ ವರ್ಷ. ಮಾತು ಕಡಿಮೆ ಇದ್ದ ಮನುಷ್ಯ. ಅವಳು ಇಡೀ ದಿನದ ಸ್ಕೂಲಿನ ಕತೆ ಹೇಳುತ್ತಿದ್ದರೆ ಜಗುಲಿ ಮೇಲೆ ಕೂತು "ಹೂಂ, ಹೂಂ" ಅನ್ನುತ್ತಿದ್ದರು. ಅಜ್ಜಿ ಏನೂ ಹೇಳಲಿಲ್ಲ. ಒಲೆ ಮುಂದೆ ಹೋಗಿ ಕೂತರು.

ಇಷ್ಟರ ಮೇಲೆ ಪಿಟೀಲು ತಗೋ ಅಂತ ಅವಳಿಗೆ ಹೇಳಲು ನಮಗೆ ಬಾಯಿ ಬರಲಿಲ್ಲ. ಚೆಲ್ಲೋ ವಿಚಾರಿಸಲು ಹೊರಟೆವು.

ಬೆಲೆ, ಮೇಷ್ಟ್ರು, ಬಸ್ಸು

ಬೆಂಗಳೂರಿನ ಎರಡು ಅಂಗಡಿಗಳಿಗೆ ಫೋನ್ ಮಾಡಿದೆವು. ಕಲಿಯುವವರ ಪಿಟೀಲು, ಕಮಾನು, ಪೆಟ್ಟಿಗೆ, ರಾಳ ಎಲ್ಲ ಸೇರಿ ಏಳು ಸಾವಿರದೊಳಗೆ ಬರುತ್ತದೆ ಅಂದರು. ಚೆಲ್ಲೋಗೆ ಹೇಳಿದ್ದು ಅದರ ಐದಾರು ಪಟ್ಟು. ಒಳ್ಳೆಯ ಕಂಪನಿಯ ಚೆಲ್ಲೋ ತಂತಿಯ ಒಂದು ಸೆಟ್ಟಿನ ದುಡ್ಡಿಗೆ ಕಲಿಕೆಯ ಪಿಟೀಲೇ ಬಂದುಬಿಡುತ್ತದೆ.

ಮಕ್ಕಳ ವಿಷಯದಲ್ಲಿ ಇನ್ನೊಂದು ಲೆಕ್ಕ ಇದೆ. ಈ ವಾದ್ಯಗಳಿಗೆ ಚಪ್ಪಲಿಯ ಹಾಗೆ ಅಳತೆ ಉಂಟು: ಕಾಲು, ಅರ್ಧ, ಮುಕ್ಕಾಲು, ಪೂರ್ಣ. ಅರ್ಧ ಅಂದರೆ ನಿಜವಾಗಿ ಅರ್ಧ ಅಲ್ಲ. ಪೂರ್ಣ ಪಿಟೀಲು ಉದ್ದ ಸುಮಾರು 60 ಸೆಂಟಿಮೀಟರ್ ಇದ್ದರೆ ಅರ್ಧದ್ದು ಸುಮಾರು 52. ಅಳತೆ ನೋಡುವುದು ಸುಲಭ. ಮಗುವಿನ ಎಡಗೈ ನೇರ ಚಾಚಿಸಿ, ಕತ್ತಿನಿಂದ ಅಂಗೈ ನಡುವಿನವರೆಗೆ ಟೇಪು ಹಿಡಿಯಿರಿ. ಅದಕ್ಕೆ ಹೊಂದುವ ಪಿಟೀಲು ಕೊಡಿಸಿ. "ಬೆಳೀತಾಳೆ ಬಿಡಿ" ಅಂತ ದೊಡ್ಡದು ಕೊಡಿಸಿದರೆ ಭುಜ, ಮಣಿಕಟ್ಟು ನೋಯುತ್ತದೆ, ಮಗು ವಾದ್ಯ ಬಿಡುತ್ತದೆ. ಮನೆಯಲ್ಲಿ ಟೇಪಿಗೆ ಬರ ಇಲ್ಲ, ನಮ್ಮ ಮಗಳಿಗೆ ಅರ್ಧ ಅಳತೆ ಬಂತು. ಬೆಳೆದ ಹಾಗೆ ಎರಡು ಸಲ ಬದಲಾಯಿಸಬೇಕು. ಪಿಟೀಲು ಆದರೆ ಹಳೆಯದನ್ನು ಕೊಂಡುಕೊಳ್ಳುವವರು ಸಿಗುತ್ತಾರೆ. ಅರ್ಧ ಅಳತೆಯ ಚೆಲ್ಲೋ ನಮ್ಮ ತಾಲ್ಲೂಕಿನಲ್ಲಿ ಯಾರು ಕೊಳ್ಳುತ್ತಾರೆ?

ಮೇಷ್ಟ್ರು ಎಲ್ಲಿ ಅನ್ನುವುದು ಬೆಲೆಗಿಂತ ದೊಡ್ಡ ಪ್ರಶ್ನೆ. ಈ ವಾದ್ಯಗಳಲ್ಲಿ ವೀಣೆಯ ಹಾಗೆ ಮೆಟ್ಟಿಲು ಇಲ್ಲ. ಬೆರಳು ಕೂದಲೆಳೆ ಆಚೀಚೆ ಆದರೂ ಸ್ವರ ಕೆಡುತ್ತದೆ. ಕೆಟ್ಟದ್ದು ಹೊಸಬರ ಕಿವಿಗೆ ಗೊತ್ತಾಗುವುದಿಲ್ಲ. ಮೊದಲ ಒಂದೆರಡು ವರ್ಷ ಪಕ್ಕದಲ್ಲಿ ಕೂತು ಕೈ ತಿದ್ದುವವರು ಬೇಕೇ ಬೇಕು. ಯೂಟ್ಯೂಬಿನಲ್ಲಿ ಪಾಠ ಇದೆ ನಿಜ, ಆದರೆ ಅದು ಕಮಾನು ಹಿಡಿದ ಹೆಬ್ಬೆರಳನ್ನು ಹಿಡಿದು ಬಗ್ಗಿಸುವುದಿಲ್ಲ. ಚೆಲ್ಲೋ ಕಲಿಸುವವರು ನಮಗೆ ಸಿಕ್ಕಿದ್ದು ಬೆಂಗಳೂರಿನಲ್ಲಿ. ರೈಲಿನಲ್ಲಿ ಹೋಗಲು ಮೂರು ಗಂಟೆ, ಬರಲು ಮೂರು ಗಂಟೆ. ಪಿಟೀಲು ಕಲಿಸುವವರು ಹಾಸನದಲ್ಲಿದ್ದಾರೆ, ಭಾನುವಾರ ನಮ್ಮ ಊರಿಗೇ ಬರುತ್ತಾರೆ.

ಬಸ್ಸಿನದು ಸಣ್ಣ ವಿಷಯ ಅನ್ನಿಸಬಹುದು. ಪಿಟೀಲು ಪೆಟ್ಟಿಗೆ ತೊಡೆಯ ಮೇಲೆ ಕೂರುತ್ತದೆ. ಚೆಲ್ಲೋ ಪೂರ್ಣ ಅಳತೆಗೆ ಬಂದಾಗ ನಾಲ್ಕು ಅಡಿ. ಸಂತೆ ದಿನ, ಹಳ್ಳಿ ಬಸ್ಸಿನಲ್ಲಿ, ಮೆಣಸಿನಕಾಯಿ ಚೀಲದ ಪಕ್ಕ ಅದನ್ನು ನಿಲ್ಲಿಸಿಕೊಂಡು ಹೋಗುವುದನ್ನು ಯೋಚಿಸಿ. ಡಬಲ್ ಬೇಸ್ ಆದರೆ ಲಗೇಜ್ ಆಟೋನೇ ಬೇಕು.

ರಿಪೇರಿಯೂ ಅಷ್ಟೇ. ಬಿರಡೆ ಮರದ್ದು. ಬಿರುಬೇಸಿಗೆಯಲ್ಲಿ ಒಣಗಿ ಸಣ್ಣದಾಗಿ ತಾನಾಗಿ ಜಾರುತ್ತದೆ, ಮಳೆಗಾಲದಲ್ಲಿ ಉಬ್ಬಿ ಕಚ್ಚಿಕೊಳ್ಳುತ್ತದೆ. ಅಂಟಿನ ಕೂಡು ಬಿಡುವುದೂ ಉಂಟು. ಪಿಟೀಲಿಗೆ ಆದರೆ ತಾಲ್ಲೂಕಿಗೆ ಒಬ್ಬರಾದರೂ ಕೈ ಆಡಿಸಿದವರು ಇರುತ್ತಾರೆ. ನಾಲ್ಕರಲ್ಲಿ ಯಾವುದನ್ನು ತಂದರೂ ಬಿಸಿಲಿಗೆ ಇಡಬೇಡಿ, ಬೈಕಿನ ಮೇಲೆ ನಿಲ್ಲಿಸಿ ಹೋಗಬೇಡಿ, ತಗಡಿನ ಮಾಡಿನ ಕೆಳಗೆ ನೇತುಹಾಕಬೇಡಿ.

ಪಿಟೀಲು ನಮ್ಮಲ್ಲಿಗೆ ಬಂದದ್ದು

ಹೀಗೆ ಎಲ್ಲ ದಾರಿಯೂ ಪಿಟೀಲಿನ ಕಡೆಗೇ ತಿರುಗಿತು. ಅದು ಬರೀ ಅಗ್ಗ ಅಂತ ಅಲ್ಲ. ಸುಮಾರು ಎರಡು ನೂರು ವರ್ಷದ ಹಿಂದೆ ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಇದನ್ನು ಯುರೋಪಿನವರಿಂದ ಕಲಿತು ನಮ್ಮ ಸಂಗೀತಕ್ಕೆ ಒಗ್ಗಿಸಿದರು. ನಮ್ಮವರು ವಾದ್ಯ ಬದಲಾಯಿಸಲಿಲ್ಲ, ಕೂರುವ ರೀತಿ ಬದಲಾಯಿಸಿದರು. ನೆಲದ ಮೇಲೆ ಕೂತು, ಪಿಟೀಲಿನ ಒಂದು ತುದಿಯನ್ನು ಎದೆಗೆ, ಇನ್ನೊಂದು ತುದಿಯನ್ನು ಬಲಗಾಲಿನ ಪಾದಕ್ಕೆ ಆನಿಸಿದರು. ವಾದ್ಯ ಅಲುಗದೆ ನಿಂತಿತು, ಎಡಗೈಗೆ ಬಿಡುವು ಸಿಕ್ಕಿತು. ಗಮಕಕ್ಕೆ ಬೇಕಾದದ್ದು ಅದೇ.

ನಮ್ಮ ಜಿಲ್ಲೆಗೆ ದೂರವಲ್ಲದ ತಿರುಮಕೂಡಲಿನಲ್ಲಿ 1895ರಲ್ಲಿ ಹುಟ್ಟಿದ ಪಿಟೀಲು ಚೌಡಯ್ಯನವರು ಬಿಡಾರಂ ಕೃಷ್ಣಪ್ಪನವರ ಶಿಷ್ಯರು. ಮೈಕಿಲ್ಲದ ಕಾಲದಲ್ಲಿ ಹಿಂದಿನ ಸಾಲಿನವರಿಗೂ ಕೇಳಲಿ ಅಂತ ನಾಲ್ಕು ತಂತಿಯನ್ನು ಏಳು ಮಾಡಿಕೊಂಡರು. 1957ರಲ್ಲಿ ಸಂಗೀತ ಕಲಾನಿಧಿ ಆದರು. ಬೆಂಗಳೂರಿನ ಮಲ್ಲೇಶ್ವರದ ಕಡೆ ಪಿಟೀಲಿನ ಆಕಾರದ ಸಭಾಂಗಣ ನೋಡಿದ್ದರೆ, ಅದು ಅವರ ನೆನಪಿಗೆ ಕಟ್ಟಿದ್ದು.

ಒಂದು ವಿಷಯ ಮಾತ್ರ ತಿಳಿದಿರಲಿ. ನೆಲದ ಮೇಲೆ ಕೂತು ಕರ್ನಾಟಕ ಸಂಗೀತ ಕಲಿತವರಿಗೆ, ಭುಜದ ಮೇಲಿಟ್ಟು ಬರೆದ ಸ್ವರ ನೋಡಿ ನುಡಿಸುವ ಆರ್ಕೆಸ್ಟ್ರಾ ಪಿಟೀಲು ತಾನಾಗಿ ಬರುವುದಿಲ್ಲ. ಪೆಟ್ಟಿಗೆ ಒಂದೇ, ಓದು ಬೇರೆ. ಕರ್ನಾಟಕ ಸಂಗೀತಕ್ಕೆ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳಿವೆ. ಪಾಶ್ಚಾತ್ಯಕ್ಕೆ ಟ್ರಿನಿಟಿಯಂಥ ಸಂಸ್ಥೆಗಳ ಗ್ರೇಡ್ ಪರೀಕ್ಷೆಗಳಿವೆ. ಯಾವ ಮೇಷ್ಟ್ರು ಸಿಗುತ್ತಾರೋ ಆ ದಾರಿ ಹಿಡಿಯುವುದೇ ಹಳ್ಳಿಯವರಿಗೆ ಸರಿ.

ತಾತ ಅಲ್ಲ, ಚಿಕ್ಕಪ್ಪ

ಆದರೂ ಮಗಳಿಗೆ ಹೇಳುವ ಕೆಲಸ ಉಳಿದೇ ಇತ್ತು. ಅವಳು ಪಿಟೀಲು ಕೇಳಿದಾಗೆಲ್ಲ "ಇದು ಕಿರಿಚುತ್ತೆ" ಅನ್ನುತ್ತಿದ್ದಳು. ಭಾನುವಾರ ಹಾಸನದ ಮೇಷ್ಟ್ರ ಹತ್ತಿರ ಕರೆದುಕೊಂಡು ಹೋಗಿ, ಇದ್ದದ್ದು ಇದ್ದ ಹಾಗೆ ಹೇಳಿದೆವು. ಮಗುವಿಗೆ ಬೇಕಾದದ್ದು ತಗ್ಗಿನ ದನಿ, ನಮ್ಮ ಕೈಗೆ ಎಟುಕುವುದು ಪಿಟೀಲು.

ಮೇಷ್ಟ್ರು ನಗಲಿಲ್ಲ. "ಬಾ ಪುಟ್ಟಿ, ಕೂತ್ಕೋ" ಅಂದು ತಮ್ಮ ಪಿಟೀಲು ತೆಗೆದರು. ಬಿರಡೆ ತಿರುಗಿಸಿ ನಾಲ್ಕು ತಂತಿಯನ್ನೂ ಇಳಿಸುತ್ತ ಹೋದರು. ಕರ್ನಾಟಕ ಸಂಗೀತದ ಪಿಟೀಲಿಗೆ ಆರ್ಕೆಸ್ಟ್ರಾದ ಹಾಗೆ ಒಂದೇ ಕಟ್ಟು ಇಲ್ಲ. ಹಾಡುವವರ ಶ್ರುತಿಗೆ ಸ-ಪ-ಸ-ಪ ಅಂತ ಕೂಡಿಸಿಕೊಳ್ಳುತ್ತಾರೆ. ಗಂಡಸರಿಗೆ ನುಡಿಸುವಾಗ ಬಹಳ ಕೆಳಗೆ ಇಳಿಸುತ್ತಾರೆ. ಹಾರ್ಮೋನಿಯಂನ ಎರಡನೇ ಬಿಳಿ ಮನೆಯನ್ನು ಷಡ್ಜ ಮಾಡಿಕೊಂಡರೆ, ಮೇಲಿನ ಎರಡು ತಂತಿ ವಯೋಲಾದ ಮೇಲಿನ ಎರಡು ತಂತಿಯ ಸ್ವರಕ್ಕೇ ಬಂದು ನಿಲ್ಲುತ್ತವೆ. ಕೆಳಗಿನ ಎರಡು ವಯೋಲಾಗಿಂತ ಒಂದೇ ಒಂದು ಸ್ವರ ಮೇಲೆ. ಅಂದರೆ ಪಿಟೀಲಿನ ಮೈಯೊಳಗೆ ಹತ್ತಿರ ಹತ್ತಿರ ವಯೋಲಾ ಕೂತಿದೆ.

ಅವರು ಕೆಳಗಿನ ತಂತಿಯ ಮೇಲೆ ಕಮಾನನ್ನು ನಿಧಾನ ಎಳೆದರು. ಮಗಳ ಕೈಯನ್ನು ಹಲಗೆಯ ಮೇಲೆ ಇಡಿಸಿದರು. ಮರ ನಡುಗುವುದು ಅವಳ ಅಂಗೈಗೆ ಗೊತ್ತಾಯಿತು.

"ಏನನ್ನಿಸುತ್ತೆ?" ಅಂದರು.

ಅವಳು ಯೋಚಿಸಿದಳು. "ತಾತ ಅಲ್ಲ. ಚಿಕ್ಕಪ್ಪ."

ಮೇಷ್ಟ್ರು ಅವಳಿಗೆ ಸುಳ್ಳು ಹೇಳಲಿಲ್ಲ. "ನಿನ್ನ ಅರ್ಧ ಅಳತೆಯ ಪಿಟೀಲು ಇಷ್ಟು ಕೆಳಗೆ ಬರಲ್ಲ ಮಗು. ತಂತಿ ಸಡಿಲ ಆಗಿ ಪರಪರ ಅನ್ನುತ್ತೆ. ಈಗ ಎತ್ತರದ ಶ್ರುತೀಲಿ ಕಲೀಬೇಕು. ನೀನು ಬೆಳೆದ ಹಾಗೆ ಪಿಟೀಲೂ ದೊಡ್ಡದಾಗುತ್ತೆ, ದನಿ ಇಳಿಯುತ್ತೆ. ಅಷ್ಟು ದಿನ ಕಾಯ್ತೀಯಾ?"

ಅವಳು ನಮ್ಮ ಕಡೆ ತಿರುಗಿದಳು. "ಅಪ್ಪಾ, ನಾನು ದೊಡ್ಡೋಳಾದ್ಮೇಲೂ ಅದೇ ಬೇಕು ಅನ್ನಿಸಿದ್ರೆ?"

ಕೊಡಿಸುತ್ತೇವೆ ಅಂತ ನಾವು ಮಾತು ಕೊಡಲಿಲ್ಲ. ಸುದ್ದಿಗೆ ಇಷ್ಟು ಅಂತ ಬರುವ ಸಂಪಾದನೆಯಲ್ಲಿ ಅಂಥ ಮಾತು ಕೊಡಲಾಗದು. ಆದರೆ ಇಲ್ಲ ಅಂತಲೂ ಅನ್ನಲಿಲ್ಲ. ತಂತಿ ಒತ್ತುವ ಎಡಗೈ, ಕಮಾನು ಎಳೆಯುವ ಬಲಗೈ, ಸ್ವರ ಹಿಡಿಯುವ ಕಿವಿ, ಈ ಮೂರೂ ಪಿಟೀಲಿನಲ್ಲಿ ಹದವಾದರೆ ಮುಂದೆ ಚೆಲ್ಲೋಗೆ ಹೋದರೂ ಜೊತೆಗೆ ಬರುತ್ತವೆ. ಹಿಡಿತ, ಬೆರಳಿನ ಅಂತರ ಹೊಸದಾಗಿ ಕಲಿಯಬೇಕು, ಕಿವಿಯನ್ನು ಹೊಸದಾಗಿ ಕಲಿಯಬೇಕಿಲ್ಲ. ನೆಲದ ಮೇಲೆ ಕೂತು ಚೆಲ್ಲೋದಲ್ಲಿ ನಮ್ಮ ರಾಗ ನುಡಿಸುವವರೂ ಇದ್ದಾರೆ. ಹಾಲೆಂಡಿನಿಂದ ಬಂದ ಸಾಸ್ಕಿಯಾ ರಾವ್-ದ ಹಾಸ್ ಅದಕ್ಕೆಂದೇ ಚೆಲ್ಲೋವನ್ನು ಮಾರ್ಪಡಿಸಿಕೊಂಡು ಹಿಂದೂಸ್ತಾನಿ ನುಡಿಸುತ್ತಾರೆ. ಅವರ ವಿಡಿಯೋ ತೋರಿಸಿದೆವು. "ಹಂಗಾದ್ರೆ ಆಗುತ್ತೆ" ಅಂದಳು.

ನಿಮ್ಮ ಮನೆಯಲ್ಲೂ ಈ ಮಾತು ಬಂದರೆ

ಮೊದಲು ದನಿ ಕೇಳಿಸಿ, ಆಮೇಲೆ ವಾದ್ಯ ತೋರಿಸಿ. ಅಂಗಡಿಗೆ ಹೋಗುವ ಮೊದಲು ಮೇಷ್ಟ್ರನ್ನು ಹುಡುಕಿ, ಕೊಳ್ಳುವಾಗ ಆದರೆ ಅವರನ್ನೇ ಕರೆದುಕೊಂಡು ಹೋಗಿ. ಕೈ ಅಳೆದು ಕೊಡಿಸಿ. ಮಗು ಬೇರೆ ವಾದ್ಯ ಬಯಸಿ, ನಿಮಗೆ ಅದು ಸಾಧ್ಯವಿಲ್ಲದಿದ್ದರೆ, ಯಾಕೆ ಸಾಧ್ಯವಿಲ್ಲ ಅಂತ ಲೆಕ್ಕ ಸಮೇತ ಹೇಳಿ. ಒಂಬತ್ತು ವರ್ಷದವರಿಗೆ ದುಡ್ಡಿನ ಲೆಕ್ಕ ಅರ್ಥವಾಗುತ್ತದೆ. ಆ ಬಯಕೆಯನ್ನು ಮಾತ್ರ ನಗೆಯಾಡಿ ಕಳೆಯಬೇಡಿ.

ಈಗ ನಾಲ್ಕು ತಿಂಗಳಾಯಿತು. ಸರಳೆ, ಜಂಟಿ ನಡೆಯುತ್ತಿದೆ. ಸಂಜೆ ಆರಕ್ಕೆ ಶುರು ಮಾಡಿದರೆ ಪಕ್ಕದ ಮನೆಯವರು ಟಿವಿ ಜೋರು ಮಾಡುತ್ತಾರೆ. ಅವರ ತಪ್ಪೇನಿಲ್ಲ, ಪಿಟೀಲು ಮೊದಲ ವರ್ಷ ಹಾಗೇ. ಬೆರಳ ತುದಿ ಗಟ್ಟಿಯಾಗುತ್ತಿದೆ. ದಿನಾ ಕೊನೆಯಲ್ಲಿ, ಮೇಷ್ಟ್ರು ಹೇಳಿಕೊಡದಿದ್ದರೂ, ಕೆಳಗಿನ ತಂತಿಯನ್ನು ಒಂದು ಸಲ ಉದ್ದಕ್ಕೆ ಎಳೆದು ಪೆಟ್ಟಿಗೆ ಮುಚ್ಚುತ್ತಾಳೆ.

ಪಿಟೀಲಿಗೆ ಖರ್ಚಾಗಿ ಉಳಿದ ಎಂಟು ಸಾವಿರವನ್ನು ಪೋಸ್ಟಾಫೀಸಿನಲ್ಲಿ ಅವಳ ಹೆಸರಿಗೆ ಇಟ್ಟಿದ್ದೇವೆ. ಹೋದ ವಾರ ಕಾಯಿ ಸುಲಿದ ಕೂಲಿಯಲ್ಲಿ ಅಜ್ಜಿ ಇನ್ನೂ ಮುನ್ನೂರು ಸೇರಿಸಿದರು. ಓಲೆಗೋ, ಅದಕ್ಕೋ ಅಂತ ಕೇಳಿದೆವು. "ಅವಳೇ ಹೇಳಲಿ. ಇನ್ನೂ ಬೇಕಾದಷ್ಟು ಕಾಲ ಇದೆ" ಅಂದು ಪಾಸ್‌ಬುಕ್ಕನ್ನು ತಾತನ ಟ್ರಂಕಿನೊಳಗೆ ಇಟ್ಟರು.